ಹಡಗು ಯಾರಿಗಾಗಿ ಕಾಯುತ್ತದೆ? ಕ್ರೂಸ್ ಯಾತ್ರೆಯ ಚಾರ್ಟರ್ ವಿಮಾನ ಮತ್ತು ಕೊಡಗಿನ ಪ್ರಯಾಣಿಕ

ರೊಬಸ್ಟಾ ಕಾಫಿಯ ಧಾರಣೆ 2024ರಲ್ಲಿ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದ ಮೇಲೆ ಕೊಡಗಿನ ಮಧ್ಯಮ ಗಾತ್ರದ ತೋಟಗಳ ಮನೆಗಳಲ್ಲಿಯೂ ವಿದೇಶ ಪ್ರವಾಸದ ಮಾತು ಸಹಜವಾಗಿದೆ. ದುಬೈ, ಬ್ಯಾಂಕಾಕ್‌ಗಳ ಸಾಲಿಗೆ ಈಗ ಕ್ರೂಸ್ ಹಡಗೂ ಸೇರಿಕೊಂಡಿದೆ. ಪ್ಯಾಕೇಜಿನ ಕರಪತ್ರದಲ್ಲಿ ಹಡಗಿನ ಈಜುಕೊಳ, ಊಟದ ಸಾಲೆ, ಬಾಲ್ಕನಿ ಇರುವ ಕೋಣೆ ಇವುಗಳಿಗೆ ಪುಟಗಟ್ಟಲೆ ಜಾಗವಿದ್ದರೆ, ವಿಮಾನಕ್ಕೆ ಸಿಗುವುದು ‘ಟಿಕೆಟ್ ಸೇರಿದೆ’ ಎಂಬ ಒಂದೇ ಸಾಲು. ದುಡ್ಡು ಕೊಡುವ ಮೊದಲು ಎರಡೆರಡು ಸಲ ಓದಬೇಕಾದದ್ದು ಆ ಸಾಲನ್ನೇ. ಏಕೆಂದರೆ ಹಡಗಿನವರೇ ಬಾಡಿಗೆಗೆ ಹಿಡಿದ ಚಾರ್ಟರ್ ವಿಮಾನದಲ್ಲಿ ಹೋಗಿ ಹಡಗು ಹತ್ತುವುದಕ್ಕೂ, ಎಲ್ಲರಿಗೂ ಮಾರಾಟವಾಗುವ ನಿಗದಿತ ವಿಮಾನದ ಟಿಕೆಟ್ ಕೊಂಡು ಹೋಗಿ ಹತ್ತುವುದಕ್ಕೂ ಇರುವ ವ್ಯತ್ಯಾಸ ಆಸನದ ಅಗಲದ್ದಾಗಲಿ ಊಟದ್ದಾಗಲಿ ಅಲ್ಲ. ದಾರಿಯಲ್ಲಿ ತಡವಾದರೆ ಅದರ ನಷ್ಟ ಯಾರ ತಲೆಯ ಮೇಲೆ ಬೀಳುತ್ತದೆ ಎಂಬುದರಲ್ಲಿ ಆ ವ್ಯತ್ಯಾಸವಿದೆ.

ಚಾರ್ಟರ್ ಪದ್ಧತಿ ಇಂದು ಹೆಚ್ಚು ಬೇರೂರಿರುವುದು ಬ್ರಿಟನ್ನಿನಲ್ಲಿ. ಚಳಿಗಾಲ ಬಂತೆಂದರೆ ಅಲ್ಲಿನ ಪಿ ಅಂಡ್ ಓ ಕ್ರೂಸಸ್ ಕಂಪನಿ ತನ್ನ ದೊಡ್ಡ ಹಡಗುಗಳನ್ನು ಕೆರಿಬಿಯನ್ ಸಮುದ್ರಕ್ಕೆ ಕಳುಹಿಸಿ, ಬಾರ್ಬಡೋಸ್ ದ್ವೀಪದಿಂದ ಯಾನ ನಡೆಸುತ್ತದೆ. ಟುಯಿ ಎಂಬ ಪ್ರವಾಸ ಸಂಸ್ಥೆಗಳ ಸಮೂಹಕ್ಕೆ ಸೇರಿದ ಮರೆಲ್ಲಾ ಕ್ರೂಸಸ್‌ನವರು ಜಮೈಕಾದ ಮಾಂಟೆಗೋ ಬೇಯಂಥ ಬಂದರುಗಳನ್ನು ಬಳಸುತ್ತಾರೆ. ಪಿ ಅಂಡ್ ಓ ಕಂಪನಿಯ ಆರ್ವಿಯಾ ಹಡಗು 5,200 ಪ್ರಯಾಣಿಕರನ್ನು ಹೊರಬಲ್ಲುದು. ಲಂಡನ್ನಿನಿಂದ ಒಂಬತ್ತು ಗಂಟೆಯ ಹಾರಾಟದಷ್ಟು ದೂರದಲ್ಲಿರುವ ಪುಟ್ಟ ದ್ವೀಪಕ್ಕೆ ಸಾವಿರಾರು ಮಂದಿಯನ್ನು ಒಂದೆರಡು ದಿನಗಳೊಳಗೆ ತಂದು, ಅಷ್ಟೇ ಮಂದಿಯನ್ನು ವಾಪಸು ಕಳುಹಿಸುವುದು ನಿಗದಿತ ವಿಮಾನಗಳಿಂದ ಆಗದ ಕೆಲಸ, ಅಷ್ಟು ಆಸನಗಳೇ ಆ ಮಾರ್ಗದಲ್ಲಿರುವುದಿಲ್ಲ. ಆದ್ದರಿಂದ ಕಂಪನಿ ಇಡೀ ವಿಮಾನವನ್ನೇ ಬಾಡಿಗೆಗೆ ಹಿಡಿಯುತ್ತದೆ. ಟುಯಿಯ ಬೋಯಿಂಗ್ 787-8 ವಿಮಾನದಲ್ಲಿ 300 ಆಸನಗಳಿರುತ್ತವೆ. ಆ ಮುನ್ನೂರು ಮಂದಿಯೂ ಒಂದೇ ಹಡಗಿಗೆ ಹೋಗುವವರಾಗಿದ್ದರೆ, ಅವರ ಲಗೇಜನ್ನು ವಿಮಾನದಿಂದ ಇಳಿಸಿ ನೇರವಾಗಿ ಹಡಗಿನ ಕೋಣೆಗೇ ತಲುಪಿಸಬಹುದು, ಜನರನ್ನು ಬಸ್ಸಿನಲ್ಲಿ ಕೂರಿಸಿ ಬಂದರಿಗೆ ಒಯ್ಯಬಹುದು.

ಈ ವ್ಯವಹಾರದ ಜಾಣತನ ಕಾಣುವುದು ವಾಪಸು ಹಾರಾಟದಲ್ಲಿ. ಹೊಸ ಪ್ರಯಾಣಿಕರನ್ನು ಇಳಿಸಿದ ವಿಮಾನ, ಅದೇ ದಿನ ಯಾನ ಮುಗಿಸಿ ಹಡಗಿನಿಂದ ಇಳಿದವರನ್ನು ತುಂಬಿಕೊಂಡು ಮರಳುತ್ತದೆ. ಋತುವಿನ ಮೊದಲ ಹಾರಾಟ ಮುಗಿದ ಮೇಲೆ ಖಾಲಿಯಾಗಿ ಹಿಂದಿರುಗಬೇಕು, ಕೊನೆಯ ತಂಡವನ್ನು ಕರೆತರಲು ಖಾಲಿಯಾಗಿ ಹೋಗಬೇಕು. ನಡುವಿನ ವಾರಗಳಲ್ಲೆಲ್ಲ ಎರಡೂ ದಿಕ್ಕಿನಲ್ಲಿ ಆಸನಗಳು ತುಂಬಿರುತ್ತವೆ. ಇದನ್ನು ನಮಗೆ ಪರಿಚಿತವಾದ ಇನ್ನೊಂದು ಚಾರ್ಟರ್ ವ್ಯವಸ್ಥೆಯೊಂದಿಗೆ ಹೋಲಿಸಿ ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ಹಜ್ ಯಾತ್ರೆಯ ವಿಮಾನಗಳೂ ಒಂದೇ ಉದ್ದೇಶದ ಪ್ರಯಾಣಿಕರನ್ನು ಒಂದೇ ಕಾಲಮಿತಿಯಲ್ಲಿ ಒಯ್ಯುವಂಥವು. ಆದರೆ ಅಲ್ಲಿ ಮೊದಲು ಎಲ್ಲರೂ ಹೋಗುತ್ತಾರೆ, ಯಾತ್ರೆಯ ವಿಧಿಗಳೆಲ್ಲ ಮುಗಿದ ಮೇಲಷ್ಟೇ ಎಲ್ಲರೂ ಬರುತ್ತಾರೆ. ಆದ್ದರಿಂದ ಹೋಗುವ ವಾರಗಳಲ್ಲಿ ವಿಮಾನಗಳು ಖಾಲಿಯಾಗಿ ಮರಳುತ್ತವೆ, ಬರುವ ವಾರಗಳಲ್ಲಿ ಖಾಲಿಯಾಗಿ ಹೋಗುತ್ತವೆ, ಮತ್ತು ಆ ಖಾಲಿ ಹಾರಾಟದ ಖರ್ಚೂ ಟಿಕೆಟ್ಟಿನ ದರದೊಳಗೇ ಅಡಗಿರುತ್ತದೆ. (ಭಾರತದಿಂದ ಹಜ್‌ಗೆ ಹಡಗಿನಲ್ಲಿ ಹೋಗುವ ಪದ್ಧತಿ 1995ರಲ್ಲಿ ನಿಂತಿತು. ಆ ಯಾತ್ರೆಯಲ್ಲಿ ಹಡಗಿನ ಜಾಗವನ್ನೇ ಕಸಿದುಕೊಂಡ ವಿಮಾನ, ಕ್ರೂಸ್ ಉದ್ಯಮದಲ್ಲಿ ಹಡಗಿಗೆ ಜನರನ್ನು ತಂದುಕೊಡುತ್ತಿದೆ.)

ಈ ನಂಟು ಹಳೆಯದು. 1958ರಲ್ಲಿ ಜೆಟ್ ವಿಮಾನಗಳು ಅಟ್ಲಾಂಟಿಕ್ ದಾಟಲು ತೊಡಗಿದ ಮೇಲೆ ದೊಡ್ಡ ಪ್ರಯಾಣಿಕ ಹಡಗುಗಳಿಗೆ ಕೆಲಸ ತಪ್ಪಿತು. 1960ರ ದಶಕದ ಕೊನೆಯ ಭಾಗದಲ್ಲಿ ಅಮೆರಿಕದ ಮಯಾಮಿ ಬಂದರನ್ನು ನೆಲೆಯಾಗಿಸಿಕೊಂಡು ಬೆಳೆದ ಹೊಸ ಕ್ರೂಸ್ ಕಂಪನಿಗಳು ಅದೇ ಜೆಟ್ ವಿಮಾನಗಳನ್ನು ನೆಚ್ಚಿಕೊಂಡು ದೂರದ ಊರುಗಳ ಗಿರಾಕಿಗಳನ್ನು ಹಿಡಿದವು. ಕ್ಯೂನಾರ್ಡ್ ಕಂಪನಿಯಂತೂ ಹೋಗುವಾಗ ಕ್ಯೂಇ2 ಹಡಗು, ಬರುವಾಗ ಶಬ್ದಾತೀತ ವೇಗದ ಕಾಂಕಾರ್ಡ್ ವಿಮಾನ ಎಂಬ ದುಬಾರಿ ಜೋಡಿಯನ್ನೂ ಮಾರಿತ್ತು.

ಇನ್ನು ಕಾಯುವ ವಿಷಯ. ಮದುವೆಯ ದಿಬ್ಬಣದ ಬಸ್ಸು ಘಾಟಿಯಲ್ಲಿ ಕೆಟ್ಟು ನಿಂತರೆ ಮಂಟಪದಲ್ಲಿ ಎಲ್ಲರೂ ಕಾಯುತ್ತಾರೆ. ಸರ್ಕಾರಿ ಬಸ್ಸಿನಲ್ಲಿ ಒಬ್ಬನೇ ಬರುತ್ತಿರುವ ನೆಂಟನಿಗಾಗಿ ಯಾರೂ ಧಾರೆಯನ್ನು ತಡೆಹಿಡಿಯುವುದಿಲ್ಲ. ಹಡಗಿನದೂ ಇದೇ ಲೆಕ್ಕಾಚಾರ. ಹೊರಡುವುದು ಎರಡು ಗಂಟೆ ತಡವಾದರೆ ಮರುದಿನದ ಬಂದರನ್ನು ಸಮಯಕ್ಕೆ ಮುಟ್ಟಲು ವೇಗ ಹೆಚ್ಚಿಸಬೇಕು. ವೇಗ ಸ್ವಲ್ಪ ಹೆಚ್ಚಿದರೂ ಇಂಧನದ ಖರ್ಚು ಅದರ ಹಲವು ಪಟ್ಟು ಏರುತ್ತದೆ, ಏಕೆಂದರೆ ಎಂಜಿನ್ನಿಗೆ ಬೇಕಾಗುವ ಶಕ್ತಿ ಸರಿಸುಮಾರು ವೇಗದ ಘನಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಮುನ್ನೂರು ಮಂದಿ, ಅದೂ ತಾನೇ ಹಿಡಿದ ವಿಮಾನದಲ್ಲಿ, ಬರುತ್ತಿದ್ದಾರೆಂದರೆ ಕಂಪನಿ ಆ ಖರ್ಚನ್ನು ಭರಿಸಿ ಕಾಯುತ್ತದೆ, ಇಲ್ಲವೆ ಮುಂದಿನ ಬಂದರಿಗೆ ಅವರನ್ನು ಮುಟ್ಟಿಸುತ್ತದೆ. ಬೇರೆ ಬೇರೆ ಟಿಕೆಟ್ಟಿನಲ್ಲಿ ಬರುವ ನಾಲ್ಕು ಜನರ ಕುಟುಂಬಕ್ಕಾಗಿ ಹಾಗೆ ಕಾಯುವುದಿಲ್ಲ. 2024ರ ಮಾರ್ಚ್‌ನಲ್ಲಿ ಆಫ್ರಿಕಾದ ಸಾವೋ ಟೋಮೆ ದ್ವೀಪದಲ್ಲಿ ನಾರ್ವೇಜಿಯನ್ ಡಾನ್ ಎಂಬ ಹಡಗು, ಖಾಸಗಿಯಾಗಿ ಊರು ಸುತ್ತಲು ಹೋಗಿ ತಡವಾಗಿ ಬಂದ 8 ಪ್ರಯಾಣಿಕರನ್ನು ಬಿಟ್ಟು ಹೊರಟೇಬಿಟ್ಟಿತು. ಹಡಗು ಇನ್ನೂ ಕಣ್ಣೆದುರಿಗೇ ಲಂಗರು ಹಾಕಿಕೊಂಡಿದ್ದಾಗ ಕರಾವಳಿ ಕಾವಲಿನ ದೋಣಿಯಲ್ಲಿ ಅದರ ಪಕ್ಕಕ್ಕೇ ಹೋದರೂ ಹತ್ತಿಸಿಕೊಳ್ಳಲಿಲ್ಲ. ಅವರು ದೇಶದಿಂದ ದೇಶಕ್ಕೆ ಅಲೆದು ಕೊನೆಗೆ ಸೆನೆಗಲ್‌ನ ಡಕಾರ್‌ನಲ್ಲಿ ಹಡಗನ್ನು ಸೇರಬೇಕಾಯಿತು.

ಈಗ ಕೊಡಗಿನಿಂದ ಹೊರಟವರ ಲೆಕ್ಕ ಹಾಕೋಣ. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವಿಲ್ಲ, ರೈಲೂ ಇಲ್ಲ. ಬಾರ್ಸಿಲೋನಾದಿಂದ ಶನಿವಾರ ಸಂಜೆ 6 ಗಂಟೆಗೆ ಹೊರಡುವ ಹಡಗನ್ನು ಹಿಡಿಯಬೇಕೆಂದಿಟ್ಟುಕೊಳ್ಳಿ. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನವಿಲ್ಲದ ಕಾರಣ ಕೊಲ್ಲಿಯ ಯಾವುದಾದರೊಂದು ನಿಲ್ದಾಣದಲ್ಲಿ ಬದಲಿಸಬೇಕು. ಶುಕ್ರವಾರ ಮಧ್ಯಾಹ್ನದ ಊಟ ಮುಗಿಸಿ ಮಡಿಕೇರಿಯಿಂದ ಕಾರು ಹತ್ತಿದರೆ, ಬೆಂಗಳೂರಿನ ಸಂಜೆಯ ವಾಹನ ದಟ್ಟಣೆಯನ್ನೂ ಸೇರಿಸಿಕೊಂಡು, ದೇವನಹಳ್ಳಿ ತಲುಪುವಾಗ ರಾತ್ರಿಯಾಗಿರುತ್ತದೆ. ನಸುಕಿನ 4 ಗಂಟೆಯ ವಿಮಾನ ದುಬೈಯನ್ನು ಅಲ್ಲಿನ ಸಮಯ ಬೆಳಿಗ್ಗೆ 6.30ಕ್ಕೆ ಮುಟ್ಟುತ್ತದೆ, ಎರಡು ಗಂಟೆ ಬಿಟ್ಟು ಹೊರಡುವ ಇನ್ನೊಂದು ವಿಮಾನ ಏಳು ಗಂಟೆ ಹಾರಿ ಬಾರ್ಸಿಲೋನಾಕ್ಕೆ ಬರುವಾಗ ಅಲ್ಲಿ ಮಧ್ಯಾಹ್ನ 1.30. ವಲಸೆ ತಪಾಸಣೆ, ಲಗೇಜು, ಟ್ಯಾಕ್ಸಿ ಎಲ್ಲ ಮುಗಿಸಿ ಬಂದರಿನ ಬಾಗಿಲಲ್ಲಿ ನಿಲ್ಲುವಾಗ ಬೇಗವೆಂದರೂ 3.30. ಹಡಗಿನ ಚೆಕ್-ಇನ್ ಸಾಮಾನ್ಯವಾಗಿ ಹೊರಡುವುದಕ್ಕೆ ಒಂದರಿಂದ ಒಂದೂವರೆ ಗಂಟೆ ಮೊದಲೇ ಮುಚ್ಚುತ್ತದೆ. ಇಪ್ಪತ್ತೊಂಬತ್ತು ಗಂಟೆಯ ಪ್ರಯಾಣದಲ್ಲಿ ಕೈಯಲ್ಲಿ ಉಳಿಯುವ ಹೆಚ್ಚುವರಿ ಸಮಯ ಒಂದು ಗಂಟೆ, ಅದೃಷ್ಟ ಚೆನ್ನಾಗಿದ್ದರೆ ಒಂದೂವರೆ ಗಂಟೆ. ದುಬೈಯಲ್ಲಿ ಸಂಪರ್ಕ ವಿಮಾನ ತಪ್ಪಿತೆಂದರೆ ಅದೂ ಇಲ್ಲ.

ದಾರಿಯ ಒಂದೊಂದು ಕೊಂಡಿಯೂ ಕಳಚಿಕೊಳ್ಳಬಲ್ಲುದು ಎಂಬುದಕ್ಕೆ ಈಚಿನ ವರ್ಷಗಳಲ್ಲೇ ಉದಾಹರಣೆಗಳಿವೆ. 2018ರ ಆಗಸ್ಟ್‌ನ ಭೂಕುಸಿತದಲ್ಲಿ ಜೋಡುಪಾಲ, ಮದೆನಾಡು ಭಾಗದ ಹೆದ್ದಾರಿ ಕುಸಿದು ಮಡಿಕೇರಿ–ಮಂಗಳೂರು ಸಂಚಾರ ಬಹುಕಾಲ ನಿಂತಿತ್ತು. ಅದೇ ಮಳೆಗಾಲದಲ್ಲಿ ಮಾಕುಟ್ಟ ಘಾಟಿಯೂ ಮುಚ್ಚಿತ್ತು. 2024ರ ಏಪ್ರಿಲ್ 16ರ ಮಳೆಗೆ ದುಬೈ ವಿಮಾನ ನಿಲ್ದಾಣವೇ ನೀರಿನಲ್ಲಿ ನಿಂತಿತು. 2025ರ ಜೂನ್ 23ರಂದು ಕತಾರ್ ತನ್ನ ವಾಯುಪ್ರದೇಶವನ್ನು ಕೆಲವು ಗಂಟೆಗಳ ಕಾಲ ಮುಚ್ಚಿದಾಗ ದೋಹಾ ಮೂಲಕ ಹೋಗುವವರೆಲ್ಲ ಸಿಕ್ಕಿಕೊಂಡರು. ಅದೇ ವರ್ಷದ ಡಿಸೆಂಬರ್ ಮೊದಲ ವಾರ ಇಂಡಿಗೊ ಸಾವಿರಾರು ಹಾರಾಟಗಳನ್ನು ರದ್ದುಪಡಿಸಿದಾಗ ಬೆಂಗಳೂರು ನಿಲ್ದಾಣದಲ್ಲಿ ಏನಾಯಿತೆಂಬುದನ್ನು ಎಲ್ಲರೂ ಕಂಡಿದ್ದಾರೆ. ಇವುಗಳ ಜತೆಗೆ ಯುರೋಪಿನ ಶೆಂಗೆನ್ ದೇಶಗಳು (ಒಂದೇ ವೀಸಾದಲ್ಲಿ ಸುತ್ತಬಹುದಾದ ದೇಶಗಳ ಕೂಟ) 2025ರ ಅಕ್ಟೋಬರ್ 12ರಿಂದ ಜಾರಿಗೆ ತಂದ ಹೊಸ ಪ್ರವೇಶ–ನಿರ್ಗಮನ ವ್ಯವಸ್ಥೆಯಲ್ಲಿ, ಮೊದಲ ಸಲ ಹೋಗುವವರು ಬೆರಳಚ್ಚು ಮತ್ತು ಮುಖಚಿತ್ರ ಕೊಡಬೇಕು. ಅದರ ಸಾಲಿನಲ್ಲಿ ನಿಲ್ಲುವ ಹೊತ್ತನ್ನೂ ಮೇಲಿನ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಹಡಗು ತಪ್ಪಿದರೆ ಮುಂದಿನ ಬಂದರಿನಲ್ಲಿ ಹತ್ತಬಹುದಲ್ಲ ಎಂದು ಟ್ರಾವೆಲ್ಸ್‌ನವರು ಸಮಾಧಾನ ಹೇಳುವುದುಂಟು. ಬ್ರಿಟಿಷ್ ಪಾಸ್‌ಪೋರ್ಟ್ ಹಿಡಿದವರಿಗೆ ಆ ಮಾತು ಬಹುಮಟ್ಟಿಗೆ ನಿಜ. ಭಾರತೀಯ ಪಾಸ್‌ಪೋರ್ಟಿಗೆ ಅದು ವೀಸಾದ ಪ್ರಶ್ನೆ. ಮುಂದಿನ ಬಂದರು ಶೆಂಗೆನ್ ವಲಯದ ಹೊರಗಿದ್ದರೆ ಆ ದೇಶಕ್ಕೆ ವಿಮಾನದಲ್ಲಿ ಇಳಿಯಲು ಬೇರೆ ವೀಸಾ ಬೇಕಾಗಬಹುದು. ಅಲ್ಲಿಂದ ಹಡಗು ಹತ್ತಿ ಮತ್ತೆ ಶೆಂಗೆನ್ ವಲಯಕ್ಕೆ ಮರಳಬೇಕಾದರೆ, ಒಂದೇ ಪ್ರವೇಶದ ವೀಸಾ ಅಷ್ಟರಲ್ಲಿ ಮುಗಿದಿರುತ್ತದೆ. ಅಮೆರಿಕದಲ್ಲಿ ಇನ್ನೂ ವಿಚಿತ್ರವಾದ ತೊಡಕಿದೆ. 1886ರ ಒಂದು ಕಾಯ್ದೆ, ವಿದೇಶಿ ಬಾವುಟದ ಹಡಗು ದೂರದ ಪರದೇಶದ ಬಂದರೊಂದನ್ನು ಮುಟ್ಟದೆ ಪ್ರಯಾಣಿಕರನ್ನು ಅಮೆರಿಕದ ಒಂದು ಬಂದರಿನಿಂದ ಇನ್ನೊಂದು ಬಂದರಿಗೆ ಒಯ್ಯುವುದನ್ನು ನಿಷೇಧಿಸುತ್ತದೆ. ಸಿಯಾಟಲ್‌ನಲ್ಲಿ ಅಲಾಸ್ಕಾ ಹಡಗನ್ನು ತಪ್ಪಿಸಿಕೊಂಡವರು ಜೂನೋದಲ್ಲಿ ಹತ್ತಿ ಸಿಯಾಟಲ್‌ನಲ್ಲಿ ಇಳಿಯುವಂತಿಲ್ಲ. ದಾರಿಯಲ್ಲಿ ಕೆನಡಾದ ವಿಕ್ಟೋರಿಯಾವನ್ನು ಮುಟ್ಟಿದರೂ ಅದು ‘ದೂರದ’ ಬಂದರೆಂಬ ಲೆಕ್ಕಕ್ಕೆ ಬರುವುದಿಲ್ಲ.

ಕಾನೂನಿನ ರಕ್ಷಣೆಯಲ್ಲಿಯೂ ದೊಡ್ಡ ಅಂತರವಿದೆ. ಬ್ರಿಟನ್ನಿನಲ್ಲಿ 2018ರ ಪ್ಯಾಕೇಜ್ ಪ್ರವಾಸ ನಿಯಮಗಳ ಪ್ರಕಾರ ವಿಮಾನ, ಹಡಗು, ಬಸ್ಸು ಎಲ್ಲವನ್ನೂ ಒಟ್ಟಾಗಿ ಮಾರಿದ ಸಂಸ್ಥೆಯೇ ಎಲ್ಲಕ್ಕೂ ಹೊಣೆ. ಚಾರ್ಟರ್ ಎಂಬ ಕಾರಣಕ್ಕೆ ವಿಮಾನದ ವಿಳಂಬ ಪರಿಹಾರವೂ ತಪ್ಪುವುದಿಲ್ಲ. ಭಾರತದಲ್ಲಿ ಪ್ಯಾಕೇಜ್ ಪ್ರವಾಸಕ್ಕೆಂದೇ ಅಂಥ ಪ್ರತ್ಯೇಕ ಕಾನೂನಿಲ್ಲ. ನಮ್ಮ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ನಿಯಮಗಳು ತಡವಾದಾಗ ಊಟ, ತಂಗಲು ಜಾಗ, ಬದಲಿ ವಿಮಾನ ಅಥವಾ ಹಣ ವಾಪಸು ಇವುಗಳ ಬಗ್ಗೆ ಹೇಳುತ್ತವೆಯೇ ಹೊರತು, ತಪ್ಪಿಹೋದ ಹಡಗಿನ ಲಕ್ಷಾಂತರ ರೂಪಾಯಿಯ ಬಗ್ಗೆ ಅಲ್ಲ. ಭಾರತ 2009ರಲ್ಲಿ ಸೇರಿಕೊಂಡ ಮಾಂಟ್ರಿಯಲ್ ಒಪ್ಪಂದದಡಿ ವಿಳಂಬದಿಂದಾದ ನಷ್ಟವನ್ನು ವಿಮಾನ ಸಂಸ್ಥೆಯಿಂದ ಕೇಳಬಹುದಾದರೂ ಅದಕ್ಕೆ ಮಿತಿಯಿದೆ, ಮತ್ತು ತಾನು ಮಾಡಬಹುದಾದದ್ದನ್ನೆಲ್ಲ ಮಾಡಿದೆನೆಂದು ಸಂಸ್ಥೆ ತೋರಿಸಿಕೊಟ್ಟರೆ ಹೊಣೆ ಕಳಚುತ್ತದೆ. ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸೂಕ್ಷ್ಮ ಇಲ್ಲಿದೆ. ಯುರೋಪಿನ ವಿಳಂಬ ಪರಿಹಾರ ನಿಯಮ, ಹೊರಗಿನಿಂದ ಯುರೋಪಿಗೆ ಬರುವ ಪ್ರಯಾಣಕ್ಕೆ ಅನ್ವಯಿಸಬೇಕಾದರೆ ವಿಮಾನ ಸಂಸ್ಥೆ ಯುರೋಪಿನದಾಗಿರಬೇಕು. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್ ಮೂಲಕ ಲುಫ್ತಾನ್ಸಾದಲ್ಲಿ ಒಂದೇ ಟಿಕೆಟ್ಟಿನಲ್ಲಿ ಹೋಗುವವರು ಆ ನಿಯಮದ ಆಸರೆಗೆ ಬರುತ್ತಾರೆ. ದುಬೈ ಮೂಲಕ ಎಮಿರೇಟ್ಸ್‌ನಲ್ಲಿ ಹೋಗುವವರು ಬರುವುದಿಲ್ಲ.

ಅದೇ ಹಡಗಿಗೆ ಅಡುಗೆಮನೆಯ ಅಥವಾ ಕೋಣೆಗಳ ಕೆಲಸಕ್ಕೆ ಹೋಗುವ ನಮ್ಮ ಕಡೆಯ ಹುಡುಗರ ಸ್ಥಿತಿ ಈ ಒಂದು ವಿಷಯದಲ್ಲಿ ಮೇಲು. ಭಾರತ 2015ರಲ್ಲಿ ಅನುಮೋದಿಸಿದ 2006ರ ಕಡಲ ಕಾರ್ಮಿಕ ಒಪ್ಪಂದದಂತೆ, ಒಪ್ಪಂದದ ಅವಧಿ ಮುಗಿಸಿದ ನಾವಿಕರನ್ನು ತನ್ನ ಖರ್ಚಿನಲ್ಲಿ ಊರಿಗೆ ಮುಟ್ಟಿಸುವುದು ಹಡಗಿನ ಮಾಲೀಕನ ಕರ್ತವ್ಯ. ಕೊರೊನಾ ಕಾಲದಲ್ಲಿ ಇದರ ಪರೀಕ್ಷೆಯೂ ನಡೆಯಿತು. ಅಮೆರಿಕದ ಆರೋಗ್ಯ ಇಲಾಖೆ ಹಡಗಿನಿಂದ ಇಳಿದವರನ್ನು ಸಾಮಾನ್ಯ ವಿಮಾನಗಳಲ್ಲಿ ಕಳುಹಿಸಕೂಡದೆಂದಾಗ ಕಂಪನಿಗಳು ಚಾರ್ಟರ್ ವಿಮಾನಗಳನ್ನೇ ಹುಡುಕಬೇಕಾಯಿತು. ಮರೆಲ್ಲಾ ಡಿಸ್ಕವರಿ ಹಡಗು 146 ಭಾರತೀಯ ಸಿಬ್ಬಂದಿಯನ್ನು ಹೊತ್ತು ಮುಂಬೈ ಕಡಲಲ್ಲಿ ಅನುಮತಿಗಾಗಿ ಕಾದು, 2020ರ ಏಪ್ರಿಲ್ 23ರಂದು ಅವರನ್ನು ಇಳಿಸಿತು.

ಹಾಗಾದರೆ ನಮ್ಮ ಕಡೆಯಿಂದಲೇ ಕ್ರೂಸ್ ಚಾರ್ಟರ್ ಏಕಿಲ್ಲ? ಅಡ್ಡಿ ಓಡುದಾರಿಯದಲ್ಲ. ಮೈಸೂರಿನ 1,740 ಮೀಟರ್ ಓಡುದಾರಿಯಲ್ಲಿ ಸಣ್ಣ ಎಟಿಆರ್ ವಿಮಾನಗಳಷ್ಟೇ ಇಳಿಯುತ್ತವೆ, ಬೆಟ್ಟದ ತಲೆ ಕಡಿದು ಮಾಡಿದ ಮಂಗಳೂರಿನ 2,450 ಮೀಟರ್ ಓಡುದಾರಿ ದೂರದ ಹಾರಾಟದ ದೊಡ್ಡ ವಿಮಾನಗಳಿಗೆ ಒಗ್ಗುವಂಥದ್ದಲ್ಲ, ನಿಜ. ಆದರೆ 2018ರ ಡಿಸೆಂಬರ್ 9ರಂದು ಉದ್ಘಾಟನೆಯಾದ ಕಣ್ಣೂರು ನಿಲ್ದಾಣಕ್ಕೆ 3,050 ಮೀಟರ್ ಓಡುದಾರಿಯಿದೆ, ಮಾಕುಟ್ಟ ಮಾರ್ಗವಾಗಿ ವಿರಾಜಪೇಟೆಯಿಂದ ಅರವತ್ತು ಕಿಲೋಮೀಟರ್ ಆಸುಪಾಸಿನಲ್ಲಿದೆ. ದಕ್ಷಿಣ ಕೊಡಗಿನವರಿಗೆ ಅದಕ್ಕಿಂತ ಹತ್ತಿರದ ಅಂತರರಾಷ್ಟ್ರೀಯ ನಿಲ್ದಾಣವಿಲ್ಲ. ನಿಗದಿತ ಸೇವೆ ನಡೆಸಲು ವಿದೇಶಿ ವಿಮಾನ ಸಂಸ್ಥೆಗಳಿಗೆ ಬೇಕಾದ ‘ಪಾಯಿಂಟ್ ಆಫ್ ಕಾಲ್’ ಮಾನ್ಯತೆಯನ್ನು ಕೇಂದ್ರ ಸರ್ಕಾರ ಕಣ್ಣೂರಿಗೆ ಕೊಡದೆ ವರ್ಷಗಳಿಂದ ಕಾಯಿಸುತ್ತ ಬಂದಿದ್ದರೂ, 2023ರಲ್ಲಿ ಅದು ಹಜ್ ಯಾತ್ರಿಗಳ ನಿರ್ಗಮನ ಕೇಂದ್ರವಾಯಿತು, ಮರುವರ್ಷ ಸೌದಿಯಾ ಸಂಸ್ಥೆಯ ದೊಡ್ಡ ವಿಮಾನಗಳೂ ಅಲ್ಲಿಂದ ಯಾತ್ರಿಗಳನ್ನು ಒಯ್ದವು. ಅಂದರೆ ಒಂದು ವಿಮಾನ ತುಂಬುವಷ್ಟು ಜನರಿದ್ದರೆ ದಾರಿ ತೆರೆಯುತ್ತದೆ.

ಕೊರತೆಯಿರುವುದು ಆ ಜನಸಂಖ್ಯೆಯದು, ಅದಕ್ಕಿಂತಲೂ ಹೆಚ್ಚಾಗಿ ಅವರೆಲ್ಲರೂ ಒಂದೇ ಹಡಗಿಗೆ ಒಂದೇ ದಿನ ಹೋಗುವಂತಾಗುವುದರದು. ಬ್ರಿಟನ್ನಿನ ಮಾರುಕಟ್ಟೆಗೆಂದೇ ನಡೆಯುವ ಹಡಗುಗಳಿವೆ. ಒಂದು ದೇಶದ ಜನರೇ ಒಂದು ಹಡಗನ್ನು ತುಂಬುತ್ತಾರೆ, ಋತುವಿನುದ್ದಕ್ಕೂ ವಾರ ವಾರವೂ ತುಂಬುತ್ತಾರೆ. ದಕ್ಷಿಣ ಭಾರತದಿಂದ ಹೋಗುವವರು ಹತ್ತು ಕಂಪನಿಗಳ ಹಡಗುಗಳಿಗೆ ಹಂಚಿಹೋಗುತ್ತಾರೆ. ಹೆಚ್ಚು ಮಂದಿ ಹೋಗುವ ಸಿಂಗಾಪುರಕ್ಕಂತೂ ಬೆಂಗಳೂರಿನಿಂದ ದಿನಾಲೂ ನೇರ ವಿಮಾನಗಳಿವೆ, ಅಲ್ಲಿಗೆ ಚಾರ್ಟರ್ ಹಿಡಿಯುವುದು ವ್ಯರ್ಥ ಖರ್ಚು. ಇನ್ನು ಕೊಡಗಿನ ಮಟ್ಟಿಗೆ ಹೇಳುವುದಾದರೆ ತೋಟದ ಪಂಚಾಂಗವೂ ಅಡ್ಡ ಬರುತ್ತದೆ. ಕೆರಿಬಿಯನ್ ಯಾನಗಳ ಋತು ಡಿಸೆಂಬರಿನಿಂದ ಮಾರ್ಚ್‌ವರೆಗಿನದು, ನಮ್ಮಲ್ಲಿ ಅದು ಕಾಫಿ ಕೊಯ್ಲಿನ ಮತ್ತು ಹೂಮಳೆಗಾಗಿ ಆಕಾಶ ನೋಡುವ, ಮಳೆ ಬಾರದಿದ್ದರೆ ಸ್ಪ್ರಿಂಕ್ಲರ್ ಓಡಿಸುವ ಕಾಲ. ಮೆಡಿಟರೇನಿಯನ್ ಋತು ಏಪ್ರಿಲಿನಿಂದ ಅಕ್ಟೋಬರ್‌ವರೆಗೆ ಇರುವುದರಿಂದ ಶಾಲೆಯ ರಜೆಯ ಮೇ ತಿಂಗಳಾಗಲಿ, ಮಕ್ಕಳ ಓದು ಮುಗಿದವರಿಗೆ ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬ ಕಳೆದ ಮೇಲಿನ ಬಿಡುವಾಗಲಿ ಅದಕ್ಕೆ ಹೊಂದುತ್ತದೆ. ಜೂನ್–ಜುಲೈಯಲ್ಲಿ ಘಾಟಿಯನ್ನು ನಂಬಿ ಟಿಕೆಟ್ ಮಾಡಿಸುವವರಿಗೆ ನಾನು ಬೇಡವೆಂದೇ ಹೇಳುತ್ತೇನೆ.

ವಿಮಾನವನ್ನು ಹಡಗಿನ ಬಳಿಗೆ ಕಳುಹಿಸುವ ಬದಲು ಹಡಗನ್ನೇ ಹತ್ತಿರ ತರುವುದು ಇನ್ನೊಂದು ದಾರಿ. ನವಮಂಗಳೂರು ಬಂದರಿಗೆ ವಿದೇಶಿ ಕ್ರೂಸ್ ಹಡಗುಗಳು ಬಂದುಹೋಗುತ್ತಲೇ ಇವೆ. ಆದರೆ ಅವು ಬೆಳಿಗ್ಗೆ ಬಂದು ಸಂಜೆ ಹೊರಡುವ ಹಡಗುಗಳು, ನಮ್ಮವರು ಹತ್ತಲು ಅಲ್ಲ, ಪರದೇಶದವರು ಮೂಡುಬಿದಿರೆ, ಕುದ್ರೋಳಿ ನೋಡಿಕೊಂಡು ಬರಲು ನಿಲ್ಲುವಂಥವು. 2024ರ ಸೆಪ್ಟೆಂಬರ್ 30ರಂದು ಕೇಂದ್ರ ಸರ್ಕಾರ ಆರಂಭಿಸಿದ ಕ್ರೂಸ್ ಭಾರತ್ ಮಿಷನ್, ದೇಶದ ಕ್ರೂಸ್ ಪ್ರಯಾಣಿಕರ ಸಂಖ್ಯೆಯನ್ನು 2029ರೊಳಗೆ ಇಮ್ಮಡಿಗೊಳಿಸುವ ಗುರಿ ಇಟ್ಟುಕೊಂಡಿದೆ. ಸದ್ಯಕ್ಕೆ ಕಾರ್ಡೆಲಿಯಾ ಎಂಬ ಕ್ರೂಸ್ ಕಂಪನಿಯ ಹಡಗು ಮುಂಬೈಯನ್ನು ನೆಲೆಯಾಗಿಸಿಕೊಂಡು ಗೋವಾ, ಕೊಚ್ಚಿ, ಲಕ್ಷದ್ವೀಪಗಳ ಕಡೆಗೆ ಯಾನ ನಡೆಸುತ್ತಿದೆ. ಮೊದಲ ಸಲ ಕ್ರೂಸ್ ಹೋಗಬೇಕೆನ್ನುವ ಹಿರಿಯರಿಗೆ ಇದೇ ವಾಸಿ ಎಂಬುದು ನನ್ನ ಅಭಿಪ್ರಾಯ: ವೀಸಾ ಬೇಡ, ಒಂದೇ ವಿಮಾನ, ತಪ್ಪಿದರೆ ಮರಳಿ ಬರುವ ದಾರಿ ಗೊತ್ತಿದೆ.

ದೂರದ ಹಡಗಿಗೇ ಹೋಗುವುದಾದರೆ ಚಾರ್ಟರ್ ಕೊಡುತ್ತಿದ್ದ ಭರವಸೆಯನ್ನು ದುಡ್ಡು ಮತ್ತು ಸಮಯ ಕೊಟ್ಟು ನಾವೇ ಕೊಂಡುಕೊಳ್ಳಬೇಕಾಗುತ್ತದೆ. ಹಡಗು ಹೊರಡುವ ಊರಿಗೆ ಒಂದು ದಿನ ಮೊದಲೇ ಮುಟ್ಟುವುದು ಅದರಲ್ಲಿ ಎಲ್ಲಕ್ಕಿಂತ ಅಗ್ಗದ್ದು; ನಾಲ್ಕು ಜನರಿಗೆ ಒಂದು ರಾತ್ರಿಯ ಹೋಟೆಲ್ ಖರ್ಚು, ತಪ್ಪಿದ ಹಡಗಿನ ಬೆಲೆಯ ಮುಂದೆ ಏನೂ ಅಲ್ಲ. ಮೇಲೆ ಹಾಕಿದ ಬಾರ್ಸಿಲೋನಾ ಲೆಕ್ಕದಲ್ಲಿ ಶುಕ್ರವಾರದ ಬದಲು ಗುರುವಾರ ಮನೆ ಬಿಟ್ಟರೆ ಒಂದು ಗಂಟೆಯ ಬಿಡುವು ಇಪ್ಪತ್ತೈದು ಗಂಟೆಯಾಗುತ್ತದೆ. ಎರಡು ವಿಮಾನಗಳೂ ಒಂದೇ ಪಿಎನ್‌ಆರ್‌ನಲ್ಲಿರಬೇಕು, ಇಲ್ಲವಾದರೆ ಮೊದಲನೆಯದು ತಡವಾದಾಗ ಎರಡನೆಯ ಸಂಸ್ಥೆಗೆ ಯಾವ ಹೊಣೆಯೂ ಇರುವುದಿಲ್ಲ. ಹಲವು ಕ್ರೂಸ್ ಕಂಪನಿಗಳು ನಿಗದಿತ ವಿಮಾನದ ಟಿಕೆಟ್ಟನ್ನೂ ತಾವೇ ಮಾರುತ್ತವೆ. ಅವರ ಮೂಲಕ ಕೊಂಡರೆ ತಡವಾದಾಗ ಮುಂದಿನ ಬಂದರಿಗೆ ಮುಟ್ಟಿಸುವ ಪ್ರಯತ್ನವನ್ನಾದರೂ ಅವರು ಮಾಡುತ್ತಾರೆ, ಆದರೆ ವೀಸಾ ಅವರ ಕೈಯಲ್ಲಿಲ್ಲ. ಪ್ರಯಾಣ ವಿಮೆಯಲ್ಲಿ ‘ಸಂಪರ್ಕ ವಿಮಾನ ತಪ್ಪಿದರೆ’ ಎಂದು ಬರೆದಿರುವ ಮೊತ್ತ ಮತ್ತೊಂದು ವಿಮಾನದ ಟಿಕೆಟ್ಟಿಗೂ ಸಾಲದಿರಬಹುದು. ಕ್ರೂಸ್ ತಪ್ಪಿದ ನಷ್ಟವೆಂದು ಪ್ರತ್ಯೇಕವಾಗಿ ಬರೆದಿದೆಯೇ ನೋಡಿಕೊಳ್ಳಬೇಕು.

ತೆರಿಗೆಯ ವಿಷಯ ಚಿಕ್ಕದಾದರೂ ಬೆಳೆಗಾರರಿಗೆ ಹತ್ತಿರದ್ದು. ವಿದೇಶ ಪ್ರವಾಸದ ಪ್ಯಾಕೇಜ್ ಕೊಳ್ಳುವಾಗ ಏಜೆಂಟ್ ಮೂಲದಲ್ಲೇ ವಸೂಲಿ ಮಾಡುವ ಟಿಸಿಎಸ್, ನಮ್ಮ ಆದಾಯ ತೆರಿಗೆಗೆ ಜಮೆಯಾಗುತ್ತದೆ. ಸಂಬಳದವರಿಗೆ ಇದು ಸರಿಹೋಗುತ್ತದೆ. ಸಂಸ್ಕರಿಸದ ಕಾಫಿಯನ್ನು ಮಾರುವವರ ಆದಾಯ ಕೃಷಿ ಆದಾಯವಾದ್ದರಿಂದ ಅವರಿಗೆ ಕೇಂದ್ರದ ಆದಾಯ ತೆರಿಗೆಯೇ ಬರದಿರಬಹುದು. ಆಗ ಆ ಹಣ ವಾಪಸು ಬರಬೇಕಾದರೆ ರಿಟರ್ನ್ ಸಲ್ಲಿಸಲೇಬೇಕು.

ಹಡಗು ತಪ್ಪಿ ವ್ಯಾಜ್ಯ ಹೂಡಬೇಕಾದ ಸಂದರ್ಭ ಬಂದರೆ ಏಜೆಂಟ್ ಇರುವ ಊರಿಗೆ ಅಲೆಯಬೇಕಾಗಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ದೂರುದಾರ ವಾಸಿಸುವ ಜಿಲ್ಲೆಯಲ್ಲೇ ದೂರು ಸಲ್ಲಿಸಬಹುದು, ಮತ್ತು ಕೊಟ್ಟ ಹಣ 50 ಲಕ್ಷ ರೂಪಾಯಿಯೊಳಗಿದ್ದರೆ ಮಡಿಕೇರಿಯ ಜಿಲ್ಲಾ ಗ್ರಾಹಕರ ಆಯೋಗವೇ ಅದನ್ನು ವಿಚಾರಿಸುತ್ತದೆ. ಅಲ್ಲಿ ಮೊದಲು ಏಳುವ ಪ್ರಶ್ನೆ, ಆ ವಿಮಾನಗಳನ್ನು ಆರಿಸಿದವರು ಯಾರು ಎಂಬುದು. ಬಿಗಿಯಾದ ಸಂಪರ್ಕವನ್ನು ಏಜೆಂಟೇ ಸೂಚಿಸಿದ್ದರೆ, ಒಂದು ದಿನ ಮೊದಲೇ ಹೋಗುತ್ತೇವೆಂದು ನೀವು ಕೇಳಿದ್ದರೂ ಅದನ್ನು ತಳ್ಳಿಹಾಕಿದ್ದರೆ, ಆ ಮಾತುಕತೆ ಫೋನಿನಲ್ಲಿ ಆಡಿದ್ದಾಗಿ ಕಳೆದುಹೋಗದೆ ವಾಟ್ಸ್ಆ್ಯಪ್‌ನಲ್ಲೋ ಇಮೇಲ್‌ನಲ್ಲೋ ಬರಹದಲ್ಲಿ ಉಳಿದಿರಬೇಕು.